ಪೆಡಲ್ ಬಿಟ್ಟ ಮೇಲೆ ಕೇಳಿಸಿದ ಗಿಟಾರ್

ಸ್ಪೇನಿನ ಇಸಾಕ್ ಅಲ್ಬೇನಿಸ್ ಅವರ ‘ಆಸ್ತೂರಿಯಾಸ್’ ಕೃತಿಯನ್ನು ಪಿಯಾನೊದಲ್ಲಿ ಕಲಿಯಲು ಕೂತ ಮೊದಲ ತಿಂಗಳು ನನ್ನ ಬಲಗಾಲು, ಸ್ವರಗಳನ್ನು ಎಳೆದು ಮೊಳಗಿಸುವ ಪೆಡಲ್ ಮೇಲೇ ಇತ್ತು. ಸ್ವರ ಒಂದೂ ತಪ್ಪುತ್ತಿರಲಿಲ್ಲ, ವೇಗವೂ ಕೈಗೆ ಬಂದಿತ್ತು. ಕೇಳಿದ ಮೇಷ್ಟ್ರು, “ಎಲ್ಲಾ ಸರಿ, ಗಿಟಾರ್ ಎಲ್ಲಿ ಹೋಯ್ತು?” ಅಂದರು.

ಇದನ್ನು ಗಿಟಾರಿಗೆ ಬರೆದದ್ದಲ್ಲ, ಪಿಯಾನೊದಲ್ಲೇ ಗಿಟಾರಿನ ಸದ್ದು ತರುವ ಕೃತಿ. ಅಲ್ಬೇನಿಸ್ ಪಿಯಾನೊ ವಾದಕರು. 1890ರ ದಶಕದ ಆರಂಭದಲ್ಲಿ ಪಿಯಾನೊಗೆಂದೇ ಬರೆದಾಗ ಇದರ ಹೆಸರು ಬರೀ ‘ಪ್ರೆಲ್ಯೂಡ್’. 1909ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಾಶಕರು ಈಗಿನ ಹೆಸರಿಟ್ಟರು. ಆ ಹೆಸರು ನನಗೆ ಇಂದಿಗೂ ಒಗ್ಗಿಲ್ಲ. ಆಸ್ತೂರಿಯಾಸ್ ಸ್ಪೇನಿನ ಉತ್ತರದ ಸೀಮೆ. ಈ ಸಂಗೀತವೋ ದಕ್ಷಿಣದ ಆಂಡಲೂಸಿಯದ್ದು, ಹಾಡು, ಕುಣಿತ, ಗಿಟಾರ್ ಕೂಡಿದ ಫ್ಲಮೆಂಕೊ ಕಲೆಯ ತವರಿನದು.

ಎಡಗೈ ರಾಗ ನುಡಿಸುತ್ತದೆ. ಅದರ ಸ್ವರಗಳ ಸಂದಿಯಲ್ಲಿ ಬಲಗೈ ‘ಡಿ’ ಎಂಬ ಸ್ವರ ಒಂದನ್ನೇ ಬಡಿಯುತ್ತದೆ. ಗಿಟಾರಿನಲ್ಲಿ ಹೆಬ್ಬೆರಳು ರಾಗ ಹಿಡಿದು, ಉಳಿದ ಬೆರಳು ಒಂದೇ ತಂತಿ ಮೀಟುವ ಹಾಗೆ. ಎರಡೂ ಕೈ ಒಂದೇ ಜಾಗದಲ್ಲಿ ತೊಡರಿಕೊಳ್ಳುತ್ತವೆ. ಬಲಗೈಯನ್ನು ಕೀಗಳ ಒಳಭಾಗಕ್ಕೆ ಸರಿಸಿ, ಎಡಗೈಯನ್ನು ಅಂಚಿನಲ್ಲಿ ಇಟ್ಟುಕೊಂಡೆ. ಪೆಡಲ್ ಪೂರ್ತಿ ಬಿಟ್ಟೆ. ‘ಡಿ’ಯನ್ನು ತೀರಾ ಮೆಲ್ಲಗೆ, ಕೀ ಪೂರ್ತಿ ಮೇಲೇಳುವ ಮೊದಲೇ ಮತ್ತೆ ಒತ್ತುತ್ತಾ ಅಭ್ಯಾಸ ಮಾಡಿದೆ. ಒಂದು ವಾರ ಇದೇ ಕೆಲಸ. ಮೀಟಿದ ತಂತಿಯ ಒಣ ಸದ್ದು ಆಮೇಲೆ ಬಂತು.

ಲಯಕ್ಕೆ ಪಿಯಾನೊ ಮುಚ್ಚಿಟ್ಟು ಚಪ್ಪಾಳೆ ಹಿಡಿದೆ. ಈ ಕೃತಿಯಲ್ಲಿ ಬುಲೆರಿಯಾದ ನೆರಳಿದೆ. ಬುಲೆರಿಯಾ ಅಂದರೆ ಫ್ಲಮೆಂಕೊದ 12 ಎಣಿಕೆಯ ಆವರ್ತ. ಒತ್ತು 12, 3, 6, 8, 10ರ ಮೇಲೆ. ಹನ್ನೆರಡರಿಂದಲೇ ಶುರು! ತಾಳ ಹಾಕಿ ಬೆಳೆದ ಕೈಗೂ ಇದು ಸುಲಭಕ್ಕೆ ಒಗ್ಗಲಿಲ್ಲ. ಒಗ್ಗಿದ ಮೇಲೆ ಮಾತ್ರ, ಮುಂದೆ ಬಾರ್‌ಗಳ (ಲಯದ ಖಂಡಗಳ) ಮೊದಲ ಪೆಟ್ಟಿಗೆ ಎರಗುವ ಆ ಜೋರಿನ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಗಿಟಾರಿನ ರಸ್ಗೆಯಾದೊ, ಎಲ್ಲ ತಂತಿಗಳನ್ನೂ ಒಮ್ಮೆಲೇ ಸವರುವ ಬೀಸು, ಎಂದು ಕೈಗೆ ತಿಳಿಯಿತು.

ನಡುವಿನ ನಿಧಾನ ಭಾಗವೇ ನನಗೆ ಹೆಚ್ಚು ಪ್ರೀತಿ. ಎರಡೂ ಕೈ ಎರಡು ಸ್ಥಾಯಿ ದೂರದಲ್ಲಿ ಒಂದೇ ರಾಗವನ್ನು ಹಾಡುತ್ತವೆ. ಅದು ಗಿಟಾರಲ್ಲ, ಹಾಡುಗಾರರ ಕೊರಳು. ‘ಡಿ’ಯನ್ನು ಷಡ್ಜವಾಗಿಟ್ಟರೆ ಇಲ್ಲಿನ ‘ಫ್ರಿಜಿಯನ್’ ಎಂಬ ಪಾಶ್ಚಾತ್ಯ ಶ್ರೇಣಿಯ ಸ್ವರಗಳು ನಮ್ಮ ಹನುಮತೋಡಿ ರಾಗದವೇ, ಗಾಂಧಾರ ಒಂದು ಮೆಟ್ಟಿಲು ಏರಿದರೆ ವಕುಳಾಭರಣ ರಾಗ. ಫ್ಲಮೆಂಕೊದಲ್ಲಿ ಎರಡು ಗಾಂಧಾರಗಳೂ ಒಟ್ಟಿಗೆ ಓಡಾಡುತ್ತವೆ. ತೋಡಿಯ ಗಮಕ ಇಲ್ಲಿಲ್ಲ, ಆದ್ದರಿಂದ ಕೇಳುವಾಗ ತೋಡಿ ಅನ್ನಿಸದು. ಆದರೂ ಆ ಸಾಲನ್ನು ಮೊದಲು ಬಾಯಲ್ಲಿ ಹಾಡಿ, ಉಸಿರು ತೆಗೆದುಕೊಂಡಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಈಗಲೂ ಬೆರಳು ಅಲ್ಲೇ ಏಳುತ್ತದೆ. ಪೆಡಲ್ ಒತ್ತುವುದೂ ಅಲ್ಲಿ ಮಾತ್ರ.

ಈಗ ಅಲ್ಬೇನಿಸ್ ಅವರದೇ ಪಿಯಾನೊ ಕೃತಿಗಳ ಗುಚ್ಛ ‘ಇಬೇರಿಯಾ’ದ ‘ಎಲ್ ಅಲ್ಬೈಸಿನ್’ ಹಿಡಿದಿದ್ದೇನೆ. ಆಂಡಲೂಸಿಯದ ಗ್ರನಾದ ಊರಿನ ಹಳೆಯ ಕೇರಿಯೊಂದರ ಹೆಸರು ಅದು. ಮೊದಲ ಪುಟ ಇನ್ನೂ ದಾಟಿಲ್ಲ, ಕಾಲು ಪೆಡಲಿನಿಂದ ದೂರವೇ ಇದೆ.