ಫಿಚೀನೋನ ಮೂರನೇ ಪುಸ್ತಕವನ್ನು ಓದುವ ಕ್ರಮ

15ನೇ ಶತಮಾನದ ಇಟಲಿಯ ತತ್ವಜ್ಞಾನಿ ಮಾರ್ಸೀಲಿಯೋ ಫಿಚೀನೋ 1489ರಲ್ಲಿ ಫ್ಲಾರೆನ್ಸ್‌ನಲ್ಲಿ ಅಚ್ಚು ಹಾಕಿಸಿದ 'ದೇ ವೀಟಾ' (ಜೀವನದ ಕುರಿತು) ಮೂರು ಪುಸ್ತಕಗಳ ಕಟ್ಟು. ಮೊದಲನೆಯದು ಓದುಬರಹದಲ್ಲಿ ಮುಳುಗಿದವರ ಆರೋಗ್ಯದ್ದು, ಎರಡನೆಯದು ದೀರ್ಘಾಯುಷ್ಯದ್ದು, ಮೂರನೆಯದು ಆಕಾಶದಿಂದ ಜೀವಬಲವನ್ನು ಪಡೆದುಕೊಳ್ಳುವ ಬಗೆಯದ್ದು. ರೆನೆಸಾನ್ಸ್ ತತ್ವಶಾಸ್ತ್ರದಲ್ಲಿ ಮಾಂತ್ರಿಕತೆ, ಜ್ಯೋತಿಷ, ಪ್ರಾಚೀನರ ಚಿಂತನೆ ಇವೆಲ್ಲ ಹೇಗೆ ಒಂದೇ ಹಗ್ಗದ ಎಳೆಗಳಾಗಿದ್ದವು ಎಂದು ನೋಡಲು ಮೂರನೇ ಪುಸ್ತಕದ 26 ಅಧ್ಯಾಯಗಳು ಬಹಳ ಒಳ್ಳೆಯ ಜಾಗ. ಆದರೆ ತಾಯಿತ, ಪ್ರತಿಮೆಗಳ ಪುಟಗಳಿಗೆ ನೇರ ನುಗ್ಗಿದರೆ ಅದು ಬರೀ ಮೂಢನಂಬಿಕೆಗಳ ಪಟ್ಟಿಯಂತೆ ಕಾಣುತ್ತದೆ. ಇದು ವೈದ್ಯನ ಮಗ ಬರೆದ ವೈದ್ಯಗ್ರಂಥ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಲ್ಯಾಟಿನ್ ಮೂಲದ ಎದುರಿಗೇ ಇಂಗ್ಲಿಷ್ ಅನುವಾದವಿರುವ, 1989ರಲ್ಲಿ ಬಂದ ಕ್ಯಾಸ್ಕಿ ಮತ್ತು ಕ್ಲಾರ್ಕ್ ಆವೃತ್ತಿ ಸಿಕ್ಕರೆ ಕೆಲಸ ಹಗುರ.

ಒಂದು ಪದ ಮೊದಲು

ಸ್ಪಿರಿಟಸ್. ಇದನ್ನು 'ಆತ್ಮ' ಎಂದು ಓದಿದರೆ ಅಲ್ಲಿಂದ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಫಿಚೀನೋನಲ್ಲಿ ಆತ್ಮಕ್ಕೆ ಬೇರೆಯೇ ಪದವಿದೆ: ಆನಿಮಾ. ಸ್ಪಿರಿಟಸ್ ಎಂದರೆ ರಕ್ತದ ಅತಿ ಸೂಕ್ಷ್ಮ ಭಾಗ ಹೃದಯದ ಕಾವಿಗೆ ಆವಿಯಾಗಿ ಹುಟ್ಟುವ, ಬೆಚ್ಚಗಿನ, ತಿಳಿಯಾದ ವಸ್ತು. ಅದು ಮಿದುಳಿಗೇರಿ ಇಂದ್ರಿಯಗಳಿಗೂ ಯೋಚನೆಗೂ ಉಪಕರಣವಾಗುತ್ತದೆ. 'ಪ್ರಾಣ' ಎಂಬ ನಮ್ಮ ಪದ ಹತ್ತಿರ ಬರುತ್ತದೆ, ಆದರೆ ಅದರ ಜೊತೆ ಯೋಗದ ಅರ್ಥಗಳೂ ಒಳಗೆ ಬಂದುಬಿಡುತ್ತವೆ. ಹಾಗಾಗಿ ಸ್ಪಿರಿಟಸ್ ಎಂದೇ ಬರೆದುಕೊಳ್ಳುವುದು ಕ್ಷೇಮ. ವಿವರಣೆ ಮೊದಲ ಪುಸ್ತಕದ 2ನೇ ಅಧ್ಯಾಯದಲ್ಲಿದೆ.

ಮೂರನೇ ಪುಸ್ತಕದ ವಾದವೆಲ್ಲ ನಿಂತಿರುವುದು ಇದರ ಮೇಲೆ. ನಮ್ಮ ದೇಹಕ್ಕೂ ಆತ್ಮಕ್ಕೂ ನಡುವೆ ಸ್ಪಿರಿಟಸ್ ಇದ್ದಂತೆ, ವಿಶ್ವದ ದೇಹಕ್ಕೂ ವಿಶ್ವಾತ್ಮಕ್ಕೂ ನಡುವೆ ವಿಶ್ವದ ಸ್ಪಿರಿಟಸ್ ಇದೆ. ಇವೆರಡೂ ಒಂದೇ ಜಾತಿಯವು. ಆದ್ದರಿಂದ ಒಂದನ್ನು ಹದಗೊಳಿಸಿದರೆ ಇನ್ನೊಂದು ಅದರೊಳಗೆ ಹರಿಯುತ್ತದೆ. ಔಷಧ, ಸುಗಂಧ, ಹಾಡು, ಲೋಹದ ಪ್ರತಿಮೆ ಎಲ್ಲವೂ ಈ ಹದಗೊಳಿಸುವಿಕೆಯ ಸಾಧನಗಳು.

ಓದುವ ಅನುಕ್ರಮ

ಪುಟದ ಕ್ರಮದಲ್ಲಿ ಓದಬೇಡಿ. ಪ್ಲೇಟೋನ ಹಾದಿಯಲ್ಲಿ ನಡೆದ ಪ್ರಾಚೀನ ತತ್ವಜ್ಞಾನಿ ಪ್ಲೊಟೈನಸ್‌ನ ನಾಲ್ಕನೇ ಎನ್ನಿಯಡ್ (ಒಂಬತ್ತು ಪ್ರಬಂಧಗಳ ಗುಚ್ಛ), ಮೂರನೇ ಪ್ರಬಂಧ, 11ನೇ ಖಂಡದಿಂದ ಶುರು ಮಾಡಿ. ಅದು ಬಹಳ ಚಿಕ್ಕದು. ಪ್ರಾಚೀನ ಜ್ಞಾನಿಗಳು ಗುಡಿಗಳನ್ನೂ ವಿಗ್ರಹಗಳನ್ನೂ ಮಾಡಿದ್ದು ಏಕೆಂದರೆ, ಆತ್ಮವನ್ನು ಗ್ರಹಿಸಬಲ್ಲ ವಸ್ತುವನ್ನು ಸಿದ್ಧಪಡಿಸಿದರೆ ಅದು ಕನ್ನಡಿಯಂತೆ ಅದರ ಪಾಲನ್ನು ಹಿಡಿಯುತ್ತದೆ ಎಂದು ಅವರು ಅರಿತಿದ್ದರು, ಎನ್ನುವುದು ಅಲ್ಲಿನ ಮಾತು. ಮೂರನೇ ಪುಸ್ತಕ ಹುಟ್ಟಿದ್ದೇ ಇದರ ವ್ಯಾಖ್ಯಾನವಾಗಿ.

ಆಮೇಲೆ ಮೊದಲ ಪುಸ್ತಕದ 4ರಿಂದ 6ನೇ ಅಧ್ಯಾಯಗಳು. ವಿದ್ವಾಂಸರಲ್ಲಿ ಕಪ್ಪು ಪಿತ್ತ (ಹಳೆಯ ಯುರೋಪಿನ ವೈದ್ಯದಲ್ಲಿ ವಿಷಣ್ಣತೆ ತರುವ ದೇಹರಸ) ಏಕೆ ಹೆಚ್ಚುತ್ತದೆ, ಅದು ಬುದ್ಧಿಯನ್ನು ಹೇಗೆ ಹರಿತಗೊಳಿಸುತ್ತದೆ ಎಂಬ ಚರ್ಚೆ ಅಲ್ಲಿದೆ. ಕಾಯಿಲೆ ಯಾವುದೆಂದು ಗೊತ್ತಾಗದೆ ಮದ್ದು ಅರ್ಥವಾಗದು. ಶನಿ ಮತ್ತು ಬುಧನ ಶೀತ, ಶುಷ್ಕ ಗುಣ ಓದುವವನನ್ನು ಒಣಗಿಸುತ್ತದೆ. ಮೂರನೇ ಪುಸ್ತಕ ರವಿ, ಗುರು, ಶುಕ್ರರನ್ನು ಮತ್ತೆ ಮತ್ತೆ ಕರೆಯುವುದು ಅದನ್ನು ಸರಿದೂಗಿಸಲು.

ಈಗ ಮೂರನೇ ಪುಸ್ತಕದ 1ರಿಂದ 4, ಅಲ್ಲಿಂದ ನೇರ 21ಕ್ಕೆ ಹಾರಿ. ನಮ್ಮ ತೀರ್ಮಾನದಲ್ಲಿ ಇಡೀ ಕೃತಿಯ ಬೀಗದ ಕೈ ಈ ಅಧ್ಯಾಯ. ಅಲ್ಲಿ ಏಳು ಮೆಟ್ಟಿಲುಗಳಿವೆ. ಕಲ್ಲು ಮತ್ತು ಲೋಹ ಚಂದ್ರನವು. ಗಿಡ, ಹಣ್ಣು, ಅಂಟು, ಪ್ರಾಣಿಗಳ ಅಂಗ ಬುಧನವು. ನುಣ್ಣನೆಯ ಪುಡಿ, ಅದರ ಹಬೆ, ಹೂವಿನ ವಾಸನೆ ಶುಕ್ರನವು. ಮಾತು, ಹಾಡು, ನಾದ ರವಿಯವು. ಕಲ್ಪನೆಯ ಬಲವಾದ ಚಿತ್ರಗಳೂ ಆವೇಗಗಳೂ ಕುಜನವು. ತರ್ಕದ ವಿಚಾರಣೆ ಗುರುವಿನದು. ಎಲ್ಲಕ್ಕಿಂತ ಮೇಲಿನ, ಸರಳವಾದ ಬೌದ್ಧಿಕ ದರ್ಶನ ಶನಿಯದು. ಇದನ್ನು ಬಾಯಿಪಾಠ ಮಾಡಬೇಕಿಲ್ಲ: ಭೂಮಿಯನ್ನು ನಡುವೆ ಇಟ್ಟ ವಿಶ್ವದಲ್ಲಿ ಗೋಲಗಳು ಕೆಳಗಿನಿಂದ ಮೇಲೆ ಇರುವ ಕ್ರಮವೇ ಇದು. ಹಾಡು ಸರಿಯಾಗಿ ನಾಲ್ಕನೆಯದು ಎಂಬುದನ್ನು ಗಮನಿಸಿ. ಕೆಳಗಿನ ಮೂರು ವಸ್ತುಗಳು, ಮೇಲಿನ ಮೂರು ಮನಸ್ಸಿನ ಕ್ರಿಯೆಗಳು. ಹಾಡು ಬೆಚ್ಚಗಿನ, ಚಲಿಸುವ ಗಾಳಿ, ಜೊತೆಗೆ ಅರ್ಥವನ್ನೂ ಹೊತ್ತದ್ದು. ಅಂದರೆ ಹೆಚ್ಚುಕಡಿಮೆ ಸ್ಪಿರಿಟಸ್‌ನ ಜಾತಿಯದೇ. ತಾಯಿತದ ಲೋಹಕ್ಕೆ ಸಿಕ್ಕಿದ್ದು ಅತಿ ಕೆಳಗಿನ ಮೆಟ್ಟಿಲು ಎಂದು ಗೊತ್ತಿದ್ದೇ 13ರಿಂದ 20ರವರೆಗಿನ ಪ್ರತಿಮೆಗಳ ಅಧ್ಯಾಯಗಳಿಗೆ ಹೋದರೆ ಅವುಗಳ ತೂಕ ಸರಿಯಾಗಿ ತಿಳಿಯುತ್ತದೆ. ಕೊನೆಗೆ 26. ಅದು ಪ್ಲೊಟೈನಸ್‌ನ ಕನ್ನಡಿಗೇ ಮರಳುತ್ತದೆ.

ನಾಲ್ಕು ಅಂಕಣದ ಟಿಪ್ಪಣಿ

ವಸ್ತು, ಗ್ರಹ, ಗುಣ, ಅದು ಸ್ಪಿರಿಟಸ್ಸನ್ನು ತಲುಪುವ ದಾರಿ: ಹೀಗೆ ನಾಲ್ಕು ಅಂಕಣ ಎಳೆಯಿರಿ. 1ನೇ ಅಧ್ಯಾಯದ ರವಿಯ ಪಟ್ಟಿಯಿಂದ ಆರಂಭಿಸಿ: ಚಿನ್ನ, ಕೇಸರಿ, ದಾಲ್ಚಿನ್ನಿ, ಜೇನು, ಧೂಪ, ಹುಂಜ, ಸಿಂಹ, ಉದಾರ ಮನಸ್ಸಿನ ಜನ. ಮೂರನೇ ಅಂಕಣದಲ್ಲಿ ಉಷ್ಣ, ಶೀತ, ಆರ್ದ್ರ, ಶುಷ್ಕ. ನಾಲ್ಕನೆಯದೇ ಮುಖ್ಯ: ಕೇಸರಿ ಹೊಟ್ಟೆ ಮತ್ತು ವಾಸನೆಯ ಮೂಲಕ, ಚಿನ್ನದ ಬಣ್ಣ ಕಣ್ಣಿನ ಮೂಲಕ, ಉದಾರಿಯ ಒಡನಾಟ ಕಲ್ಪನೆ ಮತ್ತು ಭಾವದ ಮೂಲಕ. ದಾರಿ ಹೊಳೆಯದ ವಸ್ತುವಿಗೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ.

ಇಲ್ಲಿ ಆಗುವ ತಪ್ಪು ಎಂದರೆ ಖಾಲಿ ಜಾಗಗಳನ್ನು ಮುಂದಿನ ತಲೆಮಾರಿನ ಜರ್ಮನ್ ಲೇಖಕ ಅಗ್ರಿಪ್ಪನಿಂದ ತುಂಬುವುದು. ಅವನ ಗುಪ್ತ ತತ್ವಶಾಸ್ತ್ರದ ಮೂರು ಪುಸ್ತಕಗಳು ಪೂರ್ತಿಯಾಗಿ ಅಚ್ಚಾದದ್ದು 1533ರಲ್ಲಿ. ಅವನು ಫಿಚೀನೋನಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆ, ಆದರೆ ನೀರು, ಬೆಂಕಿಯಂಥ ಮೂಲಭೂತಗಳ ಲೋಕ, ಗ್ರಹಗಳ ಲೋಕ, ಬೌದ್ಧಿಕ ಲೋಕ ಎಂಬ ಬೇರೆ ಕಟ್ಟಡಕ್ಕೆ ಜೋಡಿಸಿ, ದೇವದೂತರನ್ನೂ ವಿಧಿಗಳನ್ನೂ ಸೇರಿಸಿದ್ದಾನೆ. ಎರಡನ್ನೂ ಬೆರೆಸಿದರೆ ಫಿಚೀನೋ ಹೇಳದ್ದೆಲ್ಲ ಅವನ ತಲೆಗೆ ಬರುತ್ತದೆ.

ಪಟ್ಟಿಗಳು ಓದಲು, ಮಾಡಿ ನೋಡಲು ಅಲ್ಲ. ರವಿಯ ಪಟ್ಟಿಯಲ್ಲೇ ಹರಿತಾಳವಿದೆ, ಅದು ಆರ್ಸೆನಿಕ್ ಇರುವ ಖನಿಜ.

ದಿನಾಂಕ ಮತ್ತು ಕುಂಡಲಿ

ಕನ್ನಡದ ಓದುಗರು ಮೊದಲು ಎಡವುವುದು ಇಲ್ಲೇ, ಏಕೆಂದರೆ ನಮಗೆ ರಾಶಿಗಳ ಹೆಸರು ಪರಿಚಿತ. ಯುರೋಪಿನ ಜ್ಯೋತಿಷ ಸಾಯನ ಪದ್ಧತಿಯದು, ಅಂದರೆ ರಾಶಿಗಳನ್ನು ವಸಂತ ವಿಷುವದಿಂದ ಎಣಿಸುವುದು. 15ನೇ ಶತಮಾನದಲ್ಲಿ ಅದಕ್ಕೂ ನಕ್ಷತ್ರಗಳಿಂದ ಎಣಿಸುವ ನಮ್ಮ ನಿರಯಣ ಲೆಕ್ಕಕ್ಕೂ ಸುಮಾರು 16–17 ಡಿಗ್ರಿ ಅಂತರವಿತ್ತು, ಅಂದರೆ ಅರ್ಧ ರಾಶಿಗಿಂತ ಹೆಚ್ಚು. ಎರಡನೆಯದು, ದಿನಾಂಕಗಳು ಇಂದಿನ ಕ್ಯಾಲೆಂಡರಿಗಿಂತ ಹಳೆಯದಾದ ಜೂಲಿಯನ್ ಪಂಚಾಂಗದವು. ಇಂದಿನ ಲೆಕ್ಕಕ್ಕೆ 9 ದಿನ ಕೂಡಿಸಿ. ವಸಂತ ವಿಷುವ ಆಗ ಮಾರ್ಚ್ 11ರ ಸುಮಾರಿಗೆ ಬರುತ್ತಿತ್ತು. ಮೂರನೆಯದು, ಫ್ಲಾರೆನ್ಸ್‌ನಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಅಲ್ಲಿನ ಪತ್ರದಲ್ಲಿ 1485ರ ಫೆಬ್ರುವರಿ ಎಂದಿದ್ದರೆ ಅದು ನಮ್ಮ 1486. ನಾಲ್ಕನೆಯದು, ಗಂಟೆಗಳನ್ನು ಸೂರ್ಯಾಸ್ತದಿಂದ ಎಣಿಸುತ್ತಿದ್ದರು.

ಒಂದು ಲೆಕ್ಕ ಮಾಡಿ ನೋಡಿ. ಫಿಚೀನೋ ತನ್ನ ಜನನ 1433ರ ಅಕ್ಟೋಬರ್ 19, 21ನೇ ಗಂಟೆ ಎನ್ನುತ್ತಾನೆ. ಅದನ್ನು ರಾತ್ರಿ 9 ಎಂದುಕೊಂಡರೆ ಲಗ್ನ ಕರ್ಕಾಟಕಕ್ಕೆ ಬೀಳುತ್ತದೆ. ಆದರೆ ತನ್ನ ಲಗ್ನ ಕುಂಭ, ಅದರಲ್ಲೇ ಶನಿ ಎಂದು ಅವನೇ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ ಋತುವಿನಲ್ಲಿ ಸೂರ್ಯಾಸ್ತ ಸಂಜೆ 5ರ ಆಸುಪಾಸು. ಅಲ್ಲಿಂದ 21 ಗಂಟೆ ಎಣಿಸಿದರೆ ಮಧ್ಯಾಹ್ನ 2 ದಾಟುತ್ತದೆ. ಆಗ ಸಾಯನ ಲಗ್ನ ಕುಂಭವೇ, ರವಿ ವೃಶ್ಚಿಕದ ಮೊದಲ ಡಿಗ್ರಿಗಳಲ್ಲಿ. ತಂತ್ರಾಂಶ ಬಳಸುವಾಗ ಜೂಲಿಯನ್ ಪಂಚಾಂಗ, ಸಾಯನ, ಸ್ಥಳೀಯ ಸಮಯ ಈ ಮೂರನ್ನೂ ಕೈಯಿಂದ ಆರಿಸಿ, ಇಂದಿನ ಇಟಲಿಯ ಸಮಯವಲಯ ಬೇಡ.

ಎರಡು ಕಾಲರೇಖೆ

ಹರ್ಮೀಸ್ ಟ್ರಿಸ್ಮೆಜಿಸ್ಟಸ್ ಬಹಳ ಪುರಾತನ ಋಷಿ, ಅವನಿಂದ ಓರ್ಫಿಯಸ್, ಪೈಥಾಗೊರಸ್ ಮೂಲಕ ಜ್ಞಾನ ಪ್ಲೇಟೋಗೆ ಇಳಿಯಿತು ಎಂದು ಫಿಚೀನೋ ನಂಬಿದ್ದ. 1463ರಲ್ಲಿ ತನ್ನ ಆಶ್ರಯದಾತ ಕೋಸಿಮೋ ದೇ ಮೆಡಿಚಿಗಾಗಿ ಹರ್ಮೀಸ್‌ನ ಬರಹಗಳನ್ನು ಲ್ಯಾಟಿನ್‌ಗೆ ತಂದದ್ದೂ ಆ ನಂಬಿಕೆಯಿಂದಲೇ. ಗ್ರೀಕ್ ವಿದ್ವಾಂಸ ಐಸಾಕ್ ಕಸೊಬೊನ್ 1614ರಲ್ಲಿ ಅವುಗಳ ಗ್ರೀಕ್ ಭಾಷೆಯನ್ನು ಪರೀಕ್ಷಿಸಿ ಅವು ಕ್ರಿಸ್ತಶಕದವು ಎಂದು ತೋರಿಸಿದ. ಟಿಪ್ಪಣಿಯಲ್ಲಿ ಎರಡು ಕಾಲರೇಖೆ ಬರೆಯಿರಿ: ಫಿಚೀನೋ ನಂಬಿದ್ದು, ಇಂದು ತಿಳಿದದ್ದು. ಅವನ ವಾದವನ್ನು ಮೊದಲನೆಯದರಲ್ಲಿಟ್ಟು ಓದಿ. ಪ್ರಭಾವವನ್ನು ಎರಡನೆಯದರಲ್ಲಿಟ್ಟು ಅಳೆಯಿರಿ. ಹರ್ಮೀಸ್ ಪ್ಲೇಟೋನಂತೆ ಮಾತನಾಡುವುದು ಪ್ಲೇಟೋ ಅವನಿಂದ ಕಲಿತದ್ದರಿಂದಲ್ಲ.

ಗೆರೆ ಎಲ್ಲಿದೆ

ಅವನ ಕಾಲದ ದೊಡ್ಡ ಪ್ರಶ್ನೆ, ಈ ಮಾಂತ್ರಿಕತೆ ಪ್ರಕೃತಿಯದೋ ದೆವ್ವಗಳದೋ ಎಂಬುದು. ಓದುವಾಗ ಪ್ರತಿ ಸಾಧನಕ್ಕೂ ಒಂದೇ ಪರೀಕ್ಷೆ ಸಾಕು: ಅದು ತನ್ನ ಗುಣದಿಂದ ಕೆಲಸ ಮಾಡುತ್ತದೆಯೋ, ಅಥವಾ ಯಾರೋ ಅದನ್ನು ಓದಿ ಅರ್ಥಮಾಡಿಕೊಂಡರೆ ಮಾತ್ರವೋ? ಕೇಸರಿಯ ಕಾವಿಗೆ ಓದುಗ ಬೇಡ. ಲೋಹದ ಮೇಲೆ ಕೆತ್ತಿದ ಅಕ್ಷರಕ್ಕೆ ಬೇಕು. ಓದುವವರು ದೆವ್ವಗಳೇ ಆಗಿರಬೇಕು ಎಂಬುದು ಕ್ರೈಸ್ತ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸನ ಆಕ್ಷೇಪ. ಅದಕ್ಕಾಗಿಯೇ ಫಿಚೀನೋ ಓದುಗರಿಗೆ ಮೊದಲಲ್ಲೇ ಹೇಳಿಬಿಡುತ್ತಾನೆ: ಪ್ರತಿಮೆಗಳನ್ನು ನಾನು ಒಪ್ಪುವುದಕ್ಕಿಂತ ಹೆಚ್ಚಾಗಿ ವಿವರಿಸುತ್ತಿದ್ದೇನೆ, ಬೇಡವಾದರೆ ಬಿಡಿ, ಔಷಧಗಳನ್ನು ಮಾತ್ರ ಬಿಡಬೇಡಿ. ಹಾಡಿನ ಬಗೆಗೂ, ನಕ್ಷತ್ರಗಳ ಪೂಜೆಯಲ್ಲ, ಅನುಕರಣೆ ಎನ್ನುತ್ತಾನೆ. ಈ ಎಚ್ಚರಿಕೆಗಳ ಪಕ್ಕದಲ್ಲಿ ಗುರುತು ಹಾಕುತ್ತ ಹೋಗಿ. ಅವು ಬರೀ ರಕ್ಷಾಕವಚವಲ್ಲ, ಅವನಿಗೂ ಬಗೆಹರಿಯದ ಜಾಗಗಳು.

ಇಷ್ಟಾದ ಮೇಲೆ ಫಿಚೀನೋನ ಕಿರಿಯ ಸಮಕಾಲೀನ ತತ್ವಜ್ಞಾನಿ ಪೀಕೋ ದೆಲ್ಲಾ ಮಿರಾಂಡೋಲಾ ಜ್ಯೋತಿಷದ ವಿರುದ್ಧ ಬರೆದ, ಅವನ ಸಾವಿನ ಬಳಿಕ 1496ರಲ್ಲಿ ಅಚ್ಚಾದ 12 ಪುಸ್ತಕಗಳ ಕೃತಿಯಿಂದ ಮೂರನೇ ಪುಸ್ತಕವನ್ನು ಓದಿ. ಆಕಾಶ ಭೂಮಿಯ ಮೇಲೆ ಕೆಲಸ ಮಾಡುವುದು ಚಲನೆ, ಬೆಳಕು, ಬೆಳಕಿನೊಂದಿಗಿನ ಕಾವು ಇವುಗಳಿಂದ ಮಾತ್ರ, ಅದೂ ಎಲ್ಲರಿಗೂ ಸಮಾನವಾಗಿ ಎಂದು ಅವನ ಪಟ್ಟು. 1494ರಲ್ಲಿ ಫಿಚೀನೋ ಕವಿ ಪೊಲಿಟ್ಸಿಯಾನೋಗೆ ಬರೆದ ಪತ್ರದಲ್ಲಿ ಈ ದಾಳಿಯನ್ನು ಮೆಚ್ಚಿಯೂ ಇದ್ದಾನೆ. ಈಗ ನಿಮ್ಮ ನಾಲ್ಕು ಅಂಕಣದ ಹಾಳೆಗೆ ಮರಳಿ, ಪೀಕೋನ ಷರತ್ತಿಗೆ ನಿಲ್ಲದ ಸಾಲುಗಳನ್ನು ಬೇರೆ ಬಣ್ಣದಲ್ಲಿ ಹೊಡೆದುಹಾಕಿ. ಎಷ್ಟು ಉಳಿಯಿತು, ಯಾವ ಮೆಟ್ಟಿಲಿನವು ಉಳಿದವು ಎಂದು ನೋಡಿ.