'ಬಂದ ಕಡೆಗೇ ಹೋಗು' ಅನ್ನುವ ಮಾತಿನಿಂದ ಪಾಠ ಶುರು ಮಾಡಿ: ನಿರಾಶ್ರಿತರ ಸಾಕ್ಷ್ಯಚಿತ್ರ ಸರಣಿಯನ್ನು ಇಂಗ್ಲಿಷ್ ಕ್ಲಾಸಿನಲ್ಲಿ ಓದಿಸುವುದು ಹೇಗೆ

ಮೊದಲ ದಿನ ಸ್ಕ್ರೀನ್ ಹಾಕಬೇಡಿ. ಬೋರ್ಡಿನ ಮೇಲೆ ಸರಣಿಯ ಹೆಸರನ್ನಷ್ಟೇ ಬರೆಯಿರಿ: 'ಗೋ ಬ್ಯಾಕ್ ಟು ವೇರ್ ಯೂ ಕೇಮ್ ಫ್ರಮ್'. ಬರೆದು ಒಂದು ನಿಮಿಷ ಸುಮ್ನೆ ನಿಲ್ಲಿ. ಪಶ್ಚಿಮ ಸಿಡ್ನಿಯ ಕ್ಲಾಸುಗಳಲ್ಲಿ ನಾನು ಇದನ್ನು ಹಲವು ಸಲ ಮಾಡಿದ್ದೇನೆ. ಪ್ರತಿ ಸಲವೂ ಕ್ಲಾಸು ಎರಡಾಗುತ್ತದೆ. ಈ ಮಾತನ್ನು ಟ್ರೇನಿನಲ್ಲೋ ಮೈದಾನದಲ್ಲೋ ಕೇಳಿಸಿಕೊಂಡ ಮಕ್ಕಳು ಪುಸ್ತಕದ ಕಡೆ ನೋಡುತ್ತಾರೆ. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಾಠ ಆಗಲೇ ಶುರುವಾಯಿತು ಅಂತ ತಿಳಿಯಿರಿ.

ಇಲ್ಲಿ ಆಸ್ಟ್ರೇಲಿಯಾದಲ್ಲಿ ಇಂಗ್ಲಿಷ್ ಕಲಿಸುವ ಕನ್ನಡದ ಟೀಚರುಗಳಿಗೆ, 11–12ನೇ ತರಗತಿಯ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಪಾಠ ಮಾಡುವವರೂ ಬಳಸಬಹುದು, ಯಾಕೆಂದರೆ ಬೇರೆ ಯಾವುದೇ ಸಾಕ್ಷ್ಯಚಿತ್ರಕ್ಕೂ ಈ ದಾರಿ ಹೊಂದುತ್ತದೆ.

ಸರಣಿ ನೋಡದವರಿಗೆ ಸ್ವಲ್ಪ ವಿವರ. ಆಸ್ಟ್ರೇಲಿಯಾದ ಎಸ್‌ಬಿಎಸ್ ಚಾನೆಲ್‌ನಲ್ಲಿ 2011ರ ಜೂನ್‌ನಲ್ಲಿ ಸಾಲಾಗಿ ಮೂರು ರಾತ್ರಿ ಬಂದ ಮೂರು ಕಂತುಗಳು. ನಿರ್ದೇಶಕ ಐವನ್ ಒ'ಮಹೋನಿ. ಆರು ಜನ ಆಸ್ಟ್ರೇಲಿಯನ್ನರು 25 ದಿನ ನಿರಾಶ್ರಿತರ ದಾರಿಯಲ್ಲಿ ಹೋಗುತ್ತಾರೆ. ದೋಣಿಯಲ್ಲಿ ಬರುವವರನ್ನು ಕಂಡರಾಗದವರೇ ಅವರಲ್ಲಿ ಜಾಸ್ತಿ. ದಾರಿ ಮಾತ್ರ ಕೊನೆಯಿಂದ ಮೊದಲಿಗೆ. ಮೊದಲು ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಿರಾಶ್ರಿತ ಕುಟುಂಬಗಳ ಮನೆ, ಆಮೇಲೆ ದೋಣಿ, ಆಮೇಲೆ ಮಲೇಷ್ಯಾ, ಅಲ್ಲಿಂದ ಎರಡು ಗುಂಪಾಗಿ ಒಂದು ಗುಂಪು ಕೀನ್ಯಾದ ಕಕುಮಾ ನಿರಾಶ್ರಿತರ ಶಿಬಿರದ ಕಡೆ, ಇನ್ನೊಂದು ಜೋರ್ಡಾನ್ ಕಡೆ, ಕೊನೆಗೆ ಕಾಂಗೊ ಮತ್ತು ಇರಾಕ್. ಪಾಸ್‌ಪೋರ್ಟ್, ಪರ್ಸ್, ಫೋನ್ ಮೂರನ್ನೂ ಮೊದಲೇ ಕೊಟ್ಟುಬಿಡಬೇಕು. ಡೇವಿಡ್ ಕಾರ್ಲೆಟ್ ಅನ್ನುವವರು ಅವರನ್ನು ಕರೆದುಕೊಂಡು ಹೋಗುತ್ತಾರೆ. 2015ರಿಂದ ಕೆಲವು ವರ್ಷ ಇದು ನ್ಯೂ ಸೌತ್ ವೇಲ್ಸ್‌ನ ಎಚ್‌ಎಸ್‌ಸಿ (12ನೇ ತರಗತಿಯ ಕೊನೆಯ ಪರೀಕ್ಷೆ) ಇಂಗ್ಲಿಷ್‌ನಲ್ಲಿ 'ಡಿಸ್ಕವರಿ' ಘಟಕಕ್ಕೆ ಪಠ್ಯವಾಗಿತ್ತು.

ಈಗ ಬೋರ್ಡಿಗೆ ವಾಪಸ್ ಬನ್ನಿ. ಆ ವಾಕ್ಯದಲ್ಲಿ ಕ್ರಿಯಾಪದ ಆಜ್ಞೆ ಮಾಡುತ್ತಿದೆ. ಹೇಳುವವರು ಯಾರು ಅಂತ ವಾಕ್ಯದಲ್ಲಿಲ್ಲ. ಕೇಳುವವರು 'ಯೂ'. ಆ 'ಯೂ' ಒಬ್ಬರಾ, ಒಂದು ಗುಂಪಾ? 'ಬ್ಯಾಕ್' ಅನ್ನುವ ಪದ ಏನನ್ನು ನಂಬಿಕೊಂಡಿದೆ? ಹೋಗುವುದಕ್ಕೆ ಒಂದು ಜಾಗ ಇನ್ನೂ ಇದೆ ಅಂತ ಅಲ್ವಾ? ಇಲ್ಲೇ ಹುಟ್ಟಿದ ಮಗುವಿಗೆ ಈ ಮಾತು ಹೇಳಿದರೆ ಅದು ಎಲ್ಲಿಗೆ ಹೋಗಬೇಕು? ಮಕ್ಕಳು ಉತ್ತರ ಹೇಳಲಿ. ಆಮೇಲೆ, ಸರಣಿ ಮಾಡಿದವರು ಈ ಬೈಗುಳವನ್ನೇ ಹೆಸರಾಗಿ ಯಾಕೆ ಎತ್ತಿಕೊಂಡರು ಅಂತ ಕೇಳಿ. ಹಾಗೆ ಹೇಳುವವರನ್ನೇ ಆ 'ಬಂದ ಕಡೆಗೆ' ಕಳಿಸಿದರು ಅನ್ನುವುದು ಯಾವುದಾದರೂ ಹುಡುಗಿಗೋ ಹುಡುಗನಿಗೋ ತಾನಾಗಿ ಹೊಳೆಯುತ್ತದೆ. ನೀವು ಮೊದಲೇ ಹೇಳಿಬಿಡಬೇಡಿ.

ಎರಡನೆಯ ಕ್ಲಾಸು ಪದಗಳಿಗೆ. 'ರೆಫ್ಯೂಜಿ', 'ಅಸೈಲಮ್ ಸೀಕರ್' (ಆಶ್ರಯ ಕೇಳಿ ಉತ್ತರಕ್ಕೆ ಕಾಯುತ್ತಿರುವವರು), 'ಮೈಗ್ರಂಟ್', 'ಬೋಟ್ ಪೀಪಲ್', 'ಇಲ್ಲೀಗಲ್ಸ್', 'ಕ್ಯೂ ಜಂಪರ್' (ಸಾಲು ತಪ್ಪಿಸಿ ಮುಂದೆ ನುಗ್ಗುವವರು). ಆರನ್ನೂ ಚೀಟಿಯಲ್ಲಿ ಬರೆದು ಕೊಡಿ. ಕಾನೂನಿನ ಪದ ಯಾವುದು, ರಾಜಕೀಯದವರ ಬಾಯಿಂದ ಬಂದದ್ದು ಯಾವುದು, ಬೇರೆ ಮಾಡಲಿ. ಮೊದಲ ಪದಕ್ಕೆ ಗಟ್ಟಿ ವ್ಯಾಖ್ಯೆ ಇದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳವಾಗುತ್ತದೆ ಅನ್ನುವ ಆಧಾರವಿರುವ ಭಯದಿಂದ ಸ್ವಂತ ದೇಶ ಬಿಟ್ಟು ಹೊರಗಿರುವವರು. ಇದು 1951ರ ವಿಶ್ವಸಂಸ್ಥೆ ಒಪ್ಪಂದದ್ದು. ಆಸ್ಟ್ರೇಲಿಯಾ 1954ರಲ್ಲಿ ಅದಕ್ಕೆ ಸೇರಿತು. ಆಶ್ರಯ ಕೇಳುವುದು ಅಪರಾಧವಲ್ಲ. ಇಷ್ಟು ಗೊತ್ತಾದ ಮೇಲೆ 'ಇಲ್ಲೀಗಲ್ಸ್' ಅನ್ನುವ ಪದ ಏನು ಕೆಲಸ ಮಾಡುತ್ತಿದೆ ಅಂತ ಮಕ್ಕಳಿಗೆ ಕಾಣುತ್ತದೆ. ಒಬ್ಬ ಮನುಷ್ಯನ ಬದಲು ಒಂದು ತಪ್ಪನ್ನು ಹೆಸರಾಗಿ ಇಟ್ಟಂತೆ.

ಮಕ್ಕಳ ಮನೆಭಾಷೆಯ ಪದಗಳನ್ನೂ ಕೇಳಿ. ನಾನು ಯಾವಾಗಲೂ ಕನ್ನಡದಿಂದ ಶುರು ಮಾಡುತ್ತೇನೆ. ಇಂಗ್ಲಿಷಿನ 'ರೆಫ್ಯೂಜಿ'ಯೊಳಗೆ 'ರೆಫ್ಯೂಜ್' ಇದೆ, ಅಂದರೆ ಹುಡುಕಿಕೊಂಡು ಹೋಗುವ ಆಸರೆ. ನಮ್ಮ 'ನಿರಾಶ್ರಿತ'ದಲ್ಲಿ ಇರುವುದು ಕಳೆದುಹೋದ ಆಸರೆ. ಒಂದು ಪದ ಮುಂದೆ ನೋಡುತ್ತದೆ, ಇನ್ನೊಂದು ಹಿಂದೆ. ಅರಬ್ಬಿ, ಅಫ್ಘಾನಿಸ್ತಾನದ ದರಿ, ತಮಿಳು, ವಿಯೆಟ್ನಾಮಿ ಮಾತಾಡುವ ಮಕ್ಕಳು ತಮ್ಮ ತಮ್ಮ ಪದಗಳನ್ನು ಬಿಡಿಸಿ ಹೇಳಿದಾಗ ಕ್ಲಾಸಿಗೆ ಜೀವ ಬರುತ್ತದೆ. ಈ ಕೆಲಸಕ್ಕೆ ಪೂರ್ತಿ ಒಂದು ಪೀರಿಯಡ್ ಕೊಡಿ.

ಇನ್ನೊಂದು ವಿಷಯ ಇದೆ, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ನಿಮ್ಮ ಕ್ಲಾಸಿನಲ್ಲೇ ಈ ದಾರಿಯಲ್ಲಿ ಬಂದ ಮಗು ಇರಬಹುದು. ಅದು ನಿಮಗೆ ಗೊತ್ತಿಲ್ಲದೇ ಇರಬಹುದು. ತುಂಬ ವರ್ಷಗಳ ಹಿಂದೆ ನಾನು ಒಬ್ಬ ಹುಡುಗನಿಗೆ, ಎಲ್ಲರ ಮುಂದೆ, 'ನಿನ್ನ ಅನುಭವ ಹೇಳುತ್ತೀಯಾ' ಅಂತ ಕೇಳಿಬಿಟ್ಟೆ. ಅವನು ಇಲ್ಲ ಅನ್ನಲಿಲ್ಲ. ಎದ್ದು ನಿಂತ, ಎರಡು ವಾಕ್ಯ ಹೇಳಿದ, ಕೂತ. ಆಮೇಲೆ ಒಂದು ವಾರ ಕ್ಲಾಸಿಗೇ ಬರಲಿಲ್ಲ. ತಪ್ಪು ನನ್ನದು. ಅಂದಿನಿಂದ ಯಾರ ಕಥೆಯನ್ನೂ ನಾನು ಕೇಳುವುದಿಲ್ಲ. ತೋರಿಸುವುದಕ್ಕೆ ಒಂದು ವಾರ ಮೊದಲೇ ಯಾವ ಕಂತಿನಲ್ಲಿ ಏನಿದೆ ಅಂತ ಎಲ್ಲರಿಗೂ ಹೇಳುತ್ತೇನೆ, ಮನೆಗೆ ಪತ್ರ ಕಳಿಸುತ್ತೇನೆ, ಶಾಲೆಯ ಕೌನ್ಸೆಲರ್ ಹತ್ತಿರ ಮಾತಾಡಿರುತ್ತೇನೆ. ಬೇಡ ಅನ್ನಿಸಿದವರು ಕಾರಣ ಹೇಳದೆ ಎದ್ದು ಲೈಬ್ರರಿಗೆ ಹೋಗಬಹುದು, ಅವರಿಗೆ ದೃಶ್ಯದ ಬರಹರೂಪವನ್ನು ಕೊಡುತ್ತೇನೆ. ಪರೀಕ್ಷೆಗೆ ಅದು ಸಾಕು.

ಈಗ ನೋಡುವುದು. ಮೂರು ಕಂತನ್ನೂ ಒಟ್ಟಿಗೆ ತೋರಿಸಿದರೆ ಮಕ್ಕಳು ಅತ್ತು ಸುಸ್ತಾಗುತ್ತಾರೆ, ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಮೊದಲ ಸಲ ಒಂದೊಂದೇ ಕಂತು, ನೋಟ್ಸ್ ಇಲ್ಲದೆ. ಎರಡನೆಯ ಸಲ ಆಯ್ದ ದೃಶ್ಯಗಳು ಮಾತ್ರ, ಮೂರು ನಾಲ್ಕು ನಿಮಿಷದ್ದು, ನಿಲ್ಲಿಸಿ ನಿಲ್ಲಿಸಿ.

ದೋಣಿಯ ದೃಶ್ಯಕ್ಕೆ ಜಾಸ್ತಿ ಸಮಯ ಇಡಿ. ಆರು ಜನ ಒಂದು ಹಳೆಯ ದೋಣಿ ಹತ್ತುತ್ತಾರೆ. ನೀರು ನುಗ್ಗುತ್ತದೆ, ಬೆಂಕಿ ಕಾಣಿಸುತ್ತದೆ, ಕೊನೆಗೆ ರಕ್ಷಣೆ. ಇದನ್ನೆಲ್ಲ ಏರ್ಪಾಡು ಮಾಡಿದವರು ಕಾರ್ಯಕ್ರಮದವರೇ. ಮೊದಲು ಸದ್ದು ತೆಗೆದು ತೋರಿಸಿ. ಆಮೇಲೆ ಚಿತ್ರ ಮುಚ್ಚಿ ಸದ್ದು ಮಾತ್ರ ಕೇಳಿಸಿ. ಭಯ ಎಲ್ಲಿಂದ ಬಂತು, ಸಂಗೀತದಿಂದಲಾ, ಅಲುಗಾಡುವ ಕ್ಯಾಮೆರಾದಿಂದಲಾ, ಬೇಗ ಬೇಗ ಬದಲಾಗುವ ಶಾಟ್‌ಗಳಿಂದಲಾ, ಮುಖಗಳ ಕ್ಲೋಸ್ ಅಪ್‌ನಿಂದಲಾ? ಬರೆಯಲಿ. ಆಮೇಲೆ ನನಗೆ ತುಂಬ ಇಷ್ಟವಾದ ಪ್ರಶ್ನೆ: ಕ್ಯಾಮೆರಾ ಎಲ್ಲಿದೆ? ದೋಣಿಯೊಳಗೆ ಅದನ್ನು ಹಿಡಿದವರು ಒಬ್ಬರಿದ್ದಾರೆ. ಅವರೂ ಅದೇ ದೋಣಿಯಲ್ಲಿದ್ದಾರೆ ಅಂದರೆ ಅಪಾಯ ಎಷ್ಟಿತ್ತು? ಒಂದು ಗುಂಪಿನ ಮಕ್ಕಳು 'ಇದು ಮೋಸ' ಅನ್ನುತ್ತಾರೆ. ಇನ್ನೊಂದು ಗುಂಪು 'ಭಯ ನಿಜವಲ್ಲವಾ' ಅನ್ನುತ್ತದೆ. ಜಗಳ ಆಗಲಿ, ಬೇಗ ಬಗೆಹರಿಸಬೇಡಿ.

ಇದೇ ಜಾಗದಲ್ಲಿ ಹಿನ್ನೆಲೆ ಹೇಳಿ. 1992ರಲ್ಲಿ ಆಸ್ಟ್ರೇಲಿಯಾದಲ್ಲಿ, ವೀಸಾ ಇಲ್ಲದೆ ಬಂದವರನ್ನು ಕಡ್ಡಾಯವಾಗಿ ಬಂಧನದಲ್ಲಿಡುವ ನಿಯಮ ಬಂತು. 2001ರ ಆಗಸ್ಟ್‌ನಲ್ಲಿ ನಾರ್ವೆಯ ಟ್ಯಾಂಪಾ ಹಡಗು ಮುಳುಗುತ್ತಿದ್ದ ದೋಣಿಯಿಂದ 433 ಜನರನ್ನು ಎತ್ತಿಕೊಂಡಾಗ ಆಸ್ಟ್ರೇಲಿಯಾ ಸರ್ಕಾರ ಅವರನ್ನು ದಡ ಹತ್ತಿಸಿಕೊಳ್ಳಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ದೋಣಿ ಮುಳುಗಿ 353 ಜನ ಸತ್ತರು. 2010ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪದ ಬಂಡೆಗಳಿಗೆ ಒಂದು ದೋಣಿ ಬಡಿದು ಒಡೆದುಹೋಯಿತು. ಸರಣಿ ಬಂದದ್ದು ಅದಾಗಿ ಆರು ತಿಂಗಳಿಗೆ. ಆವತ್ತು ಟಿವಿ ಮುಂದೆ ಕೂತವರ ತಲೆಯಲ್ಲಿ ಆ ಚಿತ್ರ ಇನ್ನೂ ಹಸಿಯಾಗಿತ್ತು. ಇವತ್ತಿನ ಮಕ್ಕಳಿಗೆ ಅದಿಲ್ಲ. ಆ ವಿಷಯ ಗೊತ್ತಿಲ್ಲದೆ ನೋಡಿದರೆ ದೋಣಿಯ ದೃಶ್ಯ ಬರೀ ಸಾಹಸದ ಹಾಗೆ ಕಾಣುತ್ತದೆ.

ಮಲೇಷ್ಯಾದ ಭಾಗದಲ್ಲಿ ಬರ್ಮಾದಿಂದ ಓಡಿಬಂದ ಚಿನ್ ಸಮುದಾಯದ ಜನ ಇದ್ದಾರೆ, ಕಾಗದಪತ್ರ ಇಲ್ಲದವರನ್ನು ಹಿಡಿಯುವ ವಲಸೆ ಅಧಿಕಾರಿಗಳ ದಾಳಿಯ ದೃಶ್ಯವೂ ಇದೆ. ಮಲೇಷ್ಯಾ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅನ್ನುವುದನ್ನು ಹೇಳಿ. ಭಾರತವೂ ಹಾಕಿಲ್ಲ, ಅದನ್ನೂ ಹೇಳಿ. ಸಿಕ್ಕಿಬಿದ್ದವರ ಮುಖವನ್ನು ತೋರಿಸುವುದಕ್ಕೆ ಅವರ ಒಪ್ಪಿಗೆ ಹೇಗೆ ಸಿಗುತ್ತದೆ ಅಂತ ಒಂದು ಪ್ರಶ್ನೆ ಹಾಕಿ ಮುಂದೆ ಹೋಗಿ.

ಇಡೀ ಸರಣಿಗೆ ಕೀಲಿಕೈ ಇರುವುದು ಅದರ ಕ್ರಮದಲ್ಲಿ ಅಂತ ನನ್ನ ನಂಬಿಕೆ. ಇದಕ್ಕೊಂದು ಸುಲಭದ ಕೆಲಸ ಇದೆ. ಕಾಂಗೊದ ಊರು, ಕಕುಮಾ ಶಿಬಿರ, ದೋಣಿ, ಆಸ್ಟ್ರೇಲಿಯಾದ ಮನೆ ಅಂತ ನಾಲ್ಕು ಚೀಟಿ ಬರೆದು ಹಂಚಿ. ನಿರಾಶ್ರಿತರ ಬದುಕಿನಲ್ಲಿ ಇವು ಬರುವ ಕ್ರಮದಲ್ಲಿ ಜೋಡಿಸಿ ಕಥೆ ಹೇಳಿ ಅನ್ನಿ. ಆಮೇಲೆ ಸರಣಿಯ ಕ್ರಮದಲ್ಲಿ ಜೋಡಿಸಿ ಹೇಳಿಸಿ. (ಎಲ್ಲ ನಿರಾಶ್ರಿತರೂ ದೋಣಿಯಲ್ಲಿ ಬರುವುದಿಲ್ಲ, ಶಿಬಿರದಿಂದ ವಿಮಾನದಲ್ಲಿ ಬರುವವರೂ ಇದ್ದಾರೆ, ಆ ಮಾತು ಇಲ್ಲೇ ಬರಲಿ.) ಮೊದಲ ಕಥೆಯಲ್ಲಿ ನಾಯಕ ಯಾರು? ಊರು ಬಿಟ್ಟು ಓಡಿದವನು. ಎರಡನೆಯದರಲ್ಲಿ? ಆಸ್ಟ್ರೇಲಿಯಾದಿಂದ ಹೊರಟವನು. ಮೊದಲನೆಯದರಲ್ಲಿ ಪ್ರಶ್ನೆ 'ಇವನು ಬದುಕುತ್ತಾನಾ?'. ಎರಡನೆಯದರಲ್ಲಿ ಪ್ರಶ್ನೆ 'ಇವನ ಮನಸ್ಸು ಬದಲಾಗುತ್ತದಾ?'. ದಾರಿ ತಿರುಗಿಸಿದ್ದರಿಂದ ಕಥೆಯ ಯಜಮಾನರೇ ಬದಲಾದರು. ಹಾಗಂತ ಅದು ಸುಮ್ನೆ ದೋಷವೂ ಅಲ್ಲ. ನಿರಾಶ್ರಿತರ ಬಗ್ಗೆ ಟಿವಿ ಹಾಕದವರು ತಮ್ಮಂಥವರನ್ನು ನೋಡುವುದಕ್ಕಾಗಿ ಹಾಕಿದರು. ಎರಡನ್ನೂ ಒಟ್ಟಿಗೆ ಹಿಡಿದು ಬರೆಯುವುದು ಬಂದರೆ ಆ ಮಗುವಿನ ಪ್ರಬಂಧ ಗಟ್ಟಿಯಾಯಿತು.

ಇದನ್ನು ಸಾಬೀತು ಮಾಡುವುದಕ್ಕೆ ಎಣಿಸಿಸಿ. ಕಕುಮಾದ ಹತ್ತು ನಿಮಿಷ ಆರಿಸಿಕೊಳ್ಳಿ. ಕೀನ್ಯಾದ ವಾಯವ್ಯದ ಒಣ ನೆಲದಲ್ಲಿ 1992ರಲ್ಲಿ ಶುರುವಾದ ಶಿಬಿರ ಅದು. ಮಕ್ಕಳ ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಒಂದು ಗುಂಪು ಆಸ್ಟ್ರೇಲಿಯನ್ನರು ಮಾತಾಡಿದ ಸೆಕೆಂಡುಗಳನ್ನು ಎಣಿಸಲಿ, ಇನ್ನೊಂದು ನಿರಾಶ್ರಿತರದ್ದು, ಮತ್ತೊಂದು ವಾಯ್ಸ್ ಓವರ್‌ನದ್ದು. ಯಾರ ಹೆಸರು ಪರದೆಯ ಮೇಲೆ ಬಂತು, ಯಾರದು ಬರಲಿಲ್ಲ? ಯಾರು ಕ್ಯಾಮೆರಾ ನೋಡಿ ಒಬ್ಬರೇ ಮಾತಾಡಿದರು? ಯಾರ ಮಾತಿಗೆ ಸಬ್‌ಟೈಟಲ್? ಲೆಕ್ಕ ಬೋರ್ಡಿಗೆ ಬರಲಿ. ನೀವೇನೂ ಹೇಳಬೇಕಾಗಿಲ್ಲ.

ಬರೆಯುವಾಗ ಎರಡೇ ಎಚ್ಚರ. 'ಈ ದೃಶ್ಯ ನನಗೆ ಅಳು ತರಿಸಿತು' ಅಂತ ನಿಲ್ಲಿಸಬಾರದು. ಅಳು ಬಂದದ್ದು ನಿಜ, ಅದನ್ನು ತರಿಸಿದ್ದು ಏನು ಅನ್ನುವುದು ಮುಂದಿನ ವಾಕ್ಯವಾಗಬೇಕು. ಮತ್ತೆ, 'ಸರಣಿ ತೋರಿಸುತ್ತದೆ' ಅಂತ ಬರೆದ ಕಡೆಯೆಲ್ಲ ಅದನ್ನು ಹೊಡೆದುಹಾಕಿ ನಿರ್ದೇಶಕ ಏನು ಮಾಡಿದ ಅಂತ ಬರೆಸಿ: ಕತ್ತರಿಸಿದ, ನೋಡುವವರನ್ನು ಕಾಯಿಸಿದ, ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟ, ಸಂಗೀತ ನಿಲ್ಲಿಸಿದ. ಅಷ್ಟಕ್ಕೇ ವಾಕ್ಯ ಬಿಗಿಯಾಗುತ್ತದೆ.

ಸರಣಿಯಲ್ಲಿ ಬರುವ ಅಂಕಿಗಳು ಹಳೆಯವು. 2010ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ಮನೆ ಬಿಟ್ಟವರು 4 ಕೋಟಿ 37 ಲಕ್ಷ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿತ್ತು. 2024ರ ಕೊನೆಗೆ ಅದು 12 ಕೋಟಿ 32 ಲಕ್ಷ. ಇವರಲ್ಲಿ ಹೆಚ್ಚಿನವರು ಸ್ವಂತ ದೇಶದೊಳಗೇ ಬೇರೆ ಕಡೆ ಇದ್ದಾರೆ, ಗಡಿ ದಾಟಿಲ್ಲ. ಮಕ್ಕಳೇ ಹೊಸ ಅಂಕಿ ಹುಡುಕಿ ತರಲಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಈ ಪಾಠ ನಡೆಯುವಾಗ ಮಗು ಮನೆಗೆ ಬಂದು 'ನಾವು ಹೇಗೆ ಬಂದೆವು' ಅಂತ ಕೇಳುತ್ತದೆ. 'ನಾವು ವೀಸಾ ತಗೊಂಡು ಬಂದವರು, ಅವರ ಹಾಗಲ್ಲ' ಅಂತ ಬಾಯಿಗೆ ಬಂದುಬಿಡುತ್ತದೆ, ನನಗೂ ಬಂದಿದೆ. ಅದರ ಬದಲು ವೀಸಾಕ್ಕೆ ಅರ್ಜಿ ಹಾಕುವುದಕ್ಕೆ ಏನೇನು ಬೇಕಾಗಿತ್ತು ಅಂತ ಹೇಳಿ: ಪಾಸ್‌ಪೋರ್ಟ್, ಡಿಗ್ರಿ ಸರ್ಟಿಫಿಕೇಟು, ಬ್ಯಾಂಕಿನ ಕಾಗದ, ಕಾಯುವುದಕ್ಕೆ ಸುರಕ್ಷಿತವಾದ ಒಂದು ಮನೆ. ಇವುಗಳಲ್ಲಿ ಯಾವುದು ಓಡಿಬರುವವರ ಕೈಯಲ್ಲಿರುತ್ತದೆ ಅಂತ ಮಗುವೇ ಲೆಕ್ಕ ಹಾಕಲಿ. ಬೈಲಕುಪ್ಪೆಯ ವಿಷಯವನ್ನೂ ಹೇಳಿ. ಕುಶಾಲನಗರದ ಹತ್ತಿರದ ಚಿನ್ನದ ದೇವಸ್ಥಾನ ಅಂತ ಫೋಟೊ ತೆಗೆಸಿಕೊಂಡು ಬಂದಿರುತ್ತೇವೆ, ಅಲ್ಲಿ 1960ರ ಆಚೀಚೆ ಟಿಬೆಟ್ಟಿನಿಂದ ಬಂದವರು ಮೈಸೂರು ರಾಜ್ಯ ಕೊಟ್ಟ ಕಾಡುನೆಲವನ್ನು ಕಡಿದು ಮುಸುಕಿನ ಜೋಳ ಬೆಳೆದರು ಅನ್ನುವುದನ್ನು ಮಕ್ಕಳಿಗೆ ಹೇಳಿರುವುದಿಲ್ಲ.

ಕೊನೆಯ ಕ್ಲಾಸಿಗೆ, ಆರು ಜನ ಮತ್ತೆ ಸೇರಿ ಮಾತಾಡುವ 'ದಿ ರೆಸ್ಪಾನ್ಸ್' ಅನ್ನುವ ಕಂತು ತೋರಿಸಿ. ಎಲ್ಲರ ಮನಸ್ಸೂ ಒಂದೇ ಥರ ಬದಲಾಗಿಲ್ಲ, ಅದನ್ನು ಮಕ್ಕಳು ಗಮನಿಸಬೇಕು. ಆಮೇಲೆ ಎಣಿಸಿದ ಲೆಕ್ಕವನ್ನು ಮತ್ತೆ ತೆಗೆಯಿರಿ. ಎಲ್ಲರಿಗಿಂತ ಕಡಿಮೆ ಸೆಕೆಂಡು ಮಾತಾಡಿದ ಒಬ್ಬರನ್ನು ಪ್ರತಿ ಮಗುವೂ ಆರಿಸಿಕೊಳ್ಳಲಿ. ಅವರ ಬಾಯಿಂದ ಡೈರಿ ಬರೆಯಿರಿ ಅನ್ನುವ ಹಳೆಯ ಹೋಂವರ್ಕ್ ಕೊಡಬೇಡಿ, ಅವರ ಮಾತನ್ನು ಮತ್ತೆ ನಾವೇ ಕಿತ್ತುಕೊಂಡ ಹಾಗಾಗುತ್ತದೆ. ಎದುರಿಗೆ ಸಿಕ್ಕರೆ ಅವರನ್ನು ಏನು ಕೇಳುತ್ತೀರಿ, ಐದು ಪ್ರಶ್ನೆ ಬರೆಯಿರಿ ಅನ್ನಿ. ಅವರು ನೋವು ತೋಡಿಕೊಳ್ಳಬೇಕಾದ ಪ್ರಶ್ನೆ ಒಂದೂ ಬೇಡ. ಹೋದ ವರ್ಷ ಒಬ್ಬಳು ಹುಡುಗಿ ಬರೆದ ಮೊದಲ ಪ್ರಶ್ನೆ: 'ನಿಮ್ಮ ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕು?'