ಬಹುಕೋರ್ ಯಂತ್ರದಲ್ಲಿ ಫ್ರೀಬಿಎಸ್‌ಡಿ ಕರೆಂಟ್ ಕರ್ನಲ್ ಬೂಟ್ ಆಗದಿದ್ದಾಗ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಕರೆಂಟ್ (ಇನ್ನೂ ಅಭಿವೃದ್ಧಿಯಲ್ಲಿರುವ) ಶಾಖೆಯಿಂದ ಹೊಸ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಕಟ್ಟಿ ರೀಬೂಟ್ ಮಾಡಿದಾಗ ಪರದೆ ಅರ್ಧದಲ್ಲೇ ನಿಂತಿತೆನ್ನಿ. ಕೋಡ್ ತಿದ್ದಲು ಹೊರಡುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು: ಉಳಿದ ಕೋರ್‌ಗಳು ಎಚ್ಚೆತ್ತೇ ಇಲ್ಲವೋ, ಎಚ್ಚೆತ್ತ ಕೂಡಲೇ ಬಿದ್ದವೋ, ಇಲ್ಲ ಎದ್ದು ಬಂದು ಯಾವುದೋ ಲಾಕ್‌ಗೆ (ಒಂದು ದತ್ತಾಂಶವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗ) ಕಾಯುತ್ತ ಕೂತಿವೆಯೋ? ಮೂರಕ್ಕೂ ಮದ್ದು ಬೇರೆ.

ಲೋಡರ್ (ಕರ್ನಲನ್ನು ಮೆಮೊರಿಗೆ ತರುವ ಪ್ರೋಗ್ರಾಂ) ಮೆನುವಿನಲ್ಲಿ 3 ಒತ್ತಿದರೆ ಪ್ರಾಂಪ್ಟ್ ಸಿಗುತ್ತದೆ. ಅಲ್ಲಿ ‘ಸೆಟ್ ಕರ್ನ್.ಎಸ್‌ಎಂಪಿ.ಡಿಸೇಬಲ್ಡ್=1’ ಕೊಟ್ಟು ಬೂಟ್ ಮಾಡಿ: ಎಸ್‌ಎಂಪಿ, ಅಂದರೆ ಹಲವು ಕೋರ್‌ಗಳ ಬಳಕೆ, ನಿಂತು ಒಂದೇ ಕೋರ್ ಓಡುತ್ತದೆ. ಒಂದೇ ಕೋರ್‌ನಲ್ಲೂ ಬಿದ್ದರೆ ಎಸ್‌ಎಂಪಿಯನ್ನು ದೂರಬೇಡಿ. ಹಳೆಯ ಕರ್ನಲ್‌ಗೆಂದು ಕಟ್ಟಿದ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಬಿಡಿ ಭಾಗ), ಅದರಲ್ಲೂ ಪೋರ್ಟ್ಸ್ ಎಂಬ ಹೊರಗಿನ ತಂತ್ರಾಂಶಗಳ ಸಂಗ್ರಹದಿಂದ ಬಂದ ಗ್ರಾಫಿಕ್ಸ್ ಡ್ರೈವರ್, ಉಳಿದುಕೊಂಡಿದೆಯೇ ನೋಡಿ. ಇಂಥ ಹೊತ್ತಿಗೆ ಹಿಂದಿನ ಕರ್ನಲನ್ನು ಎಬ್ಬಿಸುವ ‘ಬೂಟ್ ಕರ್ನಲ್.ಓಲ್ಡ್’ ಇದ್ದೇ ಇದೆ, ಆದರೂ ಸರಿಯಾಗಿ ಓಡುವ ಕರ್ನಲ್‌ನ ಒಂದು ಪ್ರತಿಯನ್ನು ಬೇರೆ ಹೆಸರಿನ ಡೈರೆಕ್ಟರಿಯಲ್ಲಿ ಇಟ್ಟುಕೊಂಡಿರುವುದು ಕ್ಷೇಮ.

ಒಂದು ಕೋರ್‌ನಲ್ಲಿ ಓಡಿತೇ? ಹಾಗಾದರೆ ಬೂಟ್ ಸಂದೇಶಗಳನ್ನು ಇನ್ನೊಂದು ಯಂತ್ರದಲ್ಲಿ ಹಿಡಿಯಲು ಸೀರಿಯಲ್ ಕನ್ಸೋಲ್ ಹಾಕಿ, ವೇಗ ಸೆಕೆಂಡಿಗೆ 115200 ಬಿಟ್. ಮಾಮೂಲಿ ಬೂಟ್‌ನಲ್ಲಿ ‘ಲಾಂಚಿಂಗ್ ಎಪಿಸ್: 1 3 2’ ಎಂಬಂಥ ಸಾಲು ಬರುತ್ತದೆ; ಎಪಿ ಎಂದರೆ ಮೊದಲ ಕೋರ್ ಬಿಟ್ಟು ಉಳಿದ ಕೋರ್. ಅಂಕಿಗಳು ಹಿಂದೆಮುಂದಾದರೆ ಚಿಂತೆಯಿಲ್ಲ, ಕೋರ್‌ಗಳು ಪೈಪೋಟಿಯಲ್ಲಿ ಬರುತ್ತವೆ. ಒಂದು ಅಂಕಿಯೇ ಕಾಣೆಯಾಗಿದ್ದರೆ ಮಾತ್ರ ಅಲ್ಲೇ ಹುಡುಕಬೇಕು.

ಕೋರ್ ಎಚ್ಚೆತ್ತೇ ಇಲ್ಲದಿದ್ದರೆ ಕರ್ನಲ್ ಸುಮಾರು 5 ಸೆಕೆಂಡ್ ಕಾದು, ಆ ಎಪಿ ವಿಫಲವಾಯಿತೆಂದು ಪ್ಯಾನಿಕ್ ಆಗುತ್ತದೆ, ಅಂದರೆ ಮುಂದುವರಿಯದೆ ನಿಂತುಬಿಡುತ್ತದೆ. ಸಂದೇಶದಲ್ಲಿರುವ ಎರಡು ಸಂಖ್ಯೆಗಳಲ್ಲಿ ಎರಡನೆಯದು ಎಪಿಕ್ ಐಡಿ, ಅಂದರೆ ಆ ಕೋರ್‌ನ ಇಂಟರಪ್ಟ್ (ಕೋರನ್ನು ತಡೆದು ಕರೆಯುವ ಸಂಕೇತ) ನಿಯಂತ್ರಕದ ಗುರುತುಸಂಖ್ಯೆ. ‘ಹಿಂಟ್.ಲ್ಯಾಪಿಕ್.3.ಡಿಸೇಬಲ್ಡ್=1’ ಕೊಟ್ಟು ಒಂದು ಕೋರನ್ನು ಬಳಸದೆ ಕೈಬಿಡುವಾಗ ಬರೆಯಬೇಕಾದದ್ದೂ ಆ ಐಡಿಯನ್ನೇ, ಸಿಪಿಯು ಕ್ರಮಸಂಖ್ಯೆಯನ್ನಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಯಂತ್ರ ಸದ್ದಿಲ್ಲದೆ ರೀಸೆಟ್ ಆದರೆ ಅದು ಟ್ರಿಪಲ್ ಫಾಲ್ಟ್ (ದೋಷವನ್ನು ಸಂಭಾಳಿಸುವಾಗಲೇ ಮತ್ತೆ ಮತ್ತೆ ದೋಷ) ಇರಬಹುದು. ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಪ್ರೊಸೆಸರ್‌ನಲ್ಲಿ ಎಪಿ ಶುರುವಾಗುವುದು ರಿಯಲ್ ಮೋಡ್ ಎಂಬ ಹಳೆಯ 16 ಬಿಟ್ ಸ್ಥಿತಿಯಲ್ಲಿ. ಅದನ್ನು ಎಬ್ಬಿಸಲು ಮೊದಲ ಕೋರ್ ಕಳಿಸುವ ಸ್ಟಾರ್ಟಪ್ ಐಪಿಐ (ಕೋರ್‌ನಿಂದ ಕೋರ್‌ಗೆ ಹೋಗುವ ಇಂಟರಪ್ಟ್) ಜೊತೆ ಹೋಗುವುದು 8 ಬಿಟ್‌ನ ಪುಟಸಂಖ್ಯೆ ಮಾತ್ರ. ಅದನ್ನು 4096ರಿಂದ ಗುಣಿಸಿದರೆ ವಿಳಾಸ. ಸಂಖ್ಯೆ 8 ಆದರೆ 32768ನೇ ಬೈಟ್‌ನಿಂದ ಓಟ. ಆದ್ದರಿಂದ ಎಪಿ ಮೊದಲು ಓಡಿಸುವ ಟ್ರ್ಯಾಂಪೊಲೀನ್ ಕೋಡ್ ಮೊದಲ 1 ಎಂಬಿಯೊಳಗೆ, ಪುಟದ ಅಂಚಿಗೆ ಸರಿಯಾಗಿ ಇರಲೇಬೇಕು. ಆ ಪುಟವನ್ನು ಬೇರೆ ಯಾರಾದರೂ ತುಳಿದಿದ್ದರೆ ಎಪಿ ಕಸವನ್ನೇ ಆದೇಶವೆಂದು ಓದುತ್ತದೆ. ಕ್ಯೂಎಮು ಎಂಬ ಯಂತ್ರಾನುಕರಣೆ ತಂತ್ರಾಂಶದೊಳಗೆ ನಾಲ್ಕು ಕೋರ್ ಕೊಟ್ಟು, ‘-ನೋ-ರೀಬೂಟ್’ ಮತ್ತು ‘-ಡಿ ಇಂಟ್,ಸಿಪಿಯು_ರೀಸೆಟ್’ ಹಾಕಿ ಓಡಿಸಿ: ಬೀಳುವ ಕ್ಷಣದ ರಿಜಿಸ್ಟರ್‌ಗಳೆಲ್ಲ ಲಾಗ್‌ಗೆ ಬೀಳುತ್ತವೆ.

ಎಲ್ಲ ಕೋರ್ ಎದ್ದ ಮೇಲೂ ನಿಂತರೆ ಲಾಕ್ ಮೇಲೆ ಅನುಮಾನ. ಇಂಟರಪ್ಟ್ ಮುಚ್ಚಿಕೊಂಡು ಸುತ್ತುತ್ತಿರುವ ಕೋರ್‌ಗೆ ಕೀಬೋರ್ಡ್ ಕೇಳಿಸುವುದಿಲ್ಲ, ಎನ್‌ಎಂಐ (ಮುಚ್ಚಲಾಗದ ಇಂಟರಪ್ಟ್) ಕೇಳಿಸುತ್ತದೆ. ಕ್ಯೂಎಮು ಮಾನಿಟರ್‌ನಲ್ಲಿ ‘ಎನ್‌ಎಂಐ’, ಸರ್ವರ್‌ನಲ್ಲಾದರೆ ‘ಐಪಿಎಂಐಟೂಲ್ ಚಾಸಿಸ್ ಪವರ್ ಡಯಾಗ್’. ಡಿಡಿಬಿಗೆ (ಕರ್ನಲ್‌ನೊಳಗಿನ ಡೀಬಗರ್) ಬಂದ ಮೇಲೆ ‘ಶೋ ಆಲ್‌ಪಿಸಿಪಿಯು’, ‘ಶೋ ಆಲ್‌ಲಾಕ್ಸ್’, ‘ಆಲ್‌ಟ್ರೇಸ್’ ಈ ಕ್ರಮದಲ್ಲಿ ಕೊಟ್ಟು ಪೂರ್ತಿ ಉಳಿಸಿಕೊಳ್ಳಿ. ಎರಡನೆಯದಕ್ಕೆ ವಿಟ್ನೆಸ್ (ಲಾಕ್‌ಗಳ ಮೇಲೆ ಕಣ್ಣಿಡುವ ಸೌಲಭ್ಯ) ಸೇರಿಸಿ ಕಟ್ಟಿದ ಕರ್ನಲ್ ಬೇಕು. ವೇಗಕ್ಕೆಂದು ಅದನ್ನು ತೆಗೆದಿದ್ದರೆ ಈಗಲೇ ಹಿಂದಕ್ಕೆ ಹಾಕಿ.

ಕೊನೆಗೂ ಸಿಗದಿದ್ದರೆ ಗಿಟ್ ಬೈಸೆಕ್ಟ್: ಕಮಿಟ್‌ಗಳ (ಕೋಡ್ ಬದಲಾವಣೆಗಳ) ಸಾಲನ್ನು ಅರ್ಧರ್ಧ ಮಾಡುತ್ತ ದೋಷ ತಂದದ್ದನ್ನು ಹುಡುಕುವ ದಾರಿ. ‘ಮೇಕ್ ಇನ್‌ಸ್ಟಾಲ್‌ಕರ್ನಲ್ ಇನ್‌ಸ್ಟ್‌ಕರ್ನ್‌ನೇಮ್=ಟೆಸ್ಟ್’ ಎಂದರೆ ಪ್ರತಿ ಪರೀಕ್ಷೆಯ ಕರ್ನಲ್ ಬೇರೆ ಡೈರೆಕ್ಟರಿಗೆ ಹೋಗುತ್ತದೆ, ಲೋಡರ್‌ನಲ್ಲಿ ‘ಬೂಟ್ ಟೆಸ್ಟ್’ ಅಂದರಾಯಿತು. ಕೋರ್‌ಗಳ ಪೈಪೋಟಿಯಿಂದ ಹುಟ್ಟುವ ದೋಷ ಪ್ರತಿಸಲ ಮುಖ ತೋರಿಸದು. ಒಂದು ಕಮಿಟ್‌ಗೆ ‘ಗುಡ್’ ಎನ್ನುವ ಮೊದಲು ಕನಿಷ್ಠ 10 ಸಲ ಬೂಟ್ ಮಾಡಿ. ಒಮ್ಮೆ ಬಿದ್ದರೂ ಸಾಕು, ಅದು ‘ಬ್ಯಾಡ್’.